ಕೇರಿಗೆ ಇಳಿದ ಕಾನೂನು: ಎಡೆದೊರೆ ನಾಡಿನ ದಲಿತ ಸಂಘಟನೆ ಮತ್ತು ಕಪ್ಪು ಜನರ ವಿಮೋಚನಾ ಹೋರಾಟ

ಪೀಠಿಕೆ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿಗೆ ಶಾಸನಗಳ ಕೊರತೆ ಎಂದೂ ಇರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಅಶೋಕನ ಬಂಡೆ ಶಾಸನ, ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಕೀಳೆನಿಸಿಕೊಂಡವರಿಗೂ ಅದು ದಕ್ಕುತ್ತದೆ ಎಂಬ ಅರ್ಥದ ಮಾತನ್ನು ಸಾರುತ್ತದೆ. ಇದೇ ಮಸ್ಕಿ ತಾಲ್ಲೂಕಿಗೆ ಈಗ ಸೇರಿರುವ, ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಸಂತೆಕಲ್ಲೂರು, 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಘನಮಠ ಶಿವಯೋಗಿಗಳ ನೆಲೆ. ಬೇಸಾಯದ ತಿಳಿವಳಿಕೆ ಈ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಗ್ರಂಥವಾಯಿತು. ಆ ಬೇಸಾಯಕ್ಕೆ ಕೂಲಿಯಾಗಿ ದುಡಿದವರು ಹಕ್ಕಿಗಾಗಿ ಒಂದುಗೂಡಿದ ಚರಿತ್ರೆ ಮಾತ್ರ ಗ್ರಂಥಕ್ಕೆ ಬಂದದ್ದು ಕಡಿಮೆ.

ಕರ್ನಾಟಕದ ದಲಿತ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಮೈಸೂರು, ಭದ್ರಾವತಿ, ಬೆಂಗಳೂರುಗಳಿಂದ ಹೇಳಲಾಗುತ್ತದೆ. ಸಮ್ಮೇಳನ, ಕಾವ್ಯ, ಮಂತ್ರಿಯ ರಾಜೀನಾಮೆ ಅದರ ಮೈಲಿಗಲ್ಲುಗಳು. ಈ ಲೇಖನ ಅದೇ ಚರಿತ್ರೆಯನ್ನು ರಾಯಚೂರು ಸೀಮೆಯಿಂದ ನೋಡುತ್ತದೆ, ಅಮೆರಿಕದ ಕಪ್ಪು ಜನರ ತಳಮಟ್ಟದ ಸಂಘಟನೆಯನ್ನು ಅದರ ಪಕ್ಕದಲ್ಲಿಡುತ್ತದೆ. ನನ್ನ ವಾದ ಇಷ್ಟು: ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಕಪ್ಪು ಜನ ಮುಖ್ಯವಾಗಿ ಕಾನೂನಿನ ರಕ್ಷಣೆ ಗಳಿಸಲು ಸಂಘಟಿತರಾದರೆ, ಎಡೆದೊರೆಯ ದಲಿತರು ಆಗಲೇ ಬರೆದಿಟ್ಟಿದ್ದ ಕಾನೂನನ್ನು ತಮ್ಮ ಕೇರಿಯ ತನಕ ಎಳೆದು ತರಲು ಸಂಘಟಿತರಾದರು. ಇಲ್ಲಿನ ಹೋರಾಟದ ರೂಪ, ಭಾಷೆ, ನಿಧಾನಗತಿ ಎಲ್ಲವೂ ಈ ವ್ಯತ್ಯಾಸದಿಂದ ಹುಟ್ಟಿವೆ.

ಹೋಲಿಕೆಯ ಹಳೆಯ ದಾರಿ

ಜಾತಿ ಮತ್ತು ವರ್ಣಭೇದವನ್ನು ಒಟ್ಟಿಗೆ ಇಟ್ಟು ನೋಡುವುದು ಹೊಸದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಕಪ್ಪು ಜನರನ್ನು ಗುಲಾಮಿತನದಿಂದ ಬಿಡಿಸಲು ಶ್ರಮಿಸಿದ ಅಮೆರಿಕನ್ನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಅವರು ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಲಾಗಿದ್ದ ಮನವಿಯ ಪ್ರತಿ ಕೇಳಿದರು. ಡುಬಾಯ್ಸ್ ಅದೇ ವರ್ಷ ಸಹಾನುಭೂತಿಯಿಂದ ಉತ್ತರಿಸಿದರು. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ ಮಾದರಿಯಾಗಿಟ್ಟುಕೊಂಡು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು.

ಈ ನಂಟುಗಳೆಲ್ಲ ನಾಯಕರ, ಲೇಖಕರ ನಡುವಿನವು. ಕೆಳಗಿನ ಹಂತದ ಹೋಲಿಕೆಗೆ ಇತಿಹಾಸಕಾರ ಚಾರ್ಲ್ಸ್ ಪೇನ್ ಅವರ ಮಿಸಿಸಿಪ್ಪಿ ಅಧ್ಯಯನ (1995) ಹೆಚ್ಚು ಉಪಯುಕ್ತ. ದೊಡ್ಡ ಸಭೆಗೆ ಜನ ಸೇರಿಸುವುದು ಒಂದು ಪರಂಪರೆ, ಮನೆಮನೆಗೆ ಹೋಗಿ ಸಾಮಾನ್ಯರಲ್ಲಿ ನಾಯಕತ್ವ ಬೆಳೆಸುವುದು ಇನ್ನೊಂದು ಎಂದು ಅವರು ಬೇರ್ಪಡಿಸುತ್ತಾರೆ. ಎರಡನೆಯದರ ಗುರು ಎಲ್ಲಾ ಬೇಕರ್. 1960ರಲ್ಲಿ ವಿದ್ಯಾರ್ಥಿಗಳ ಅಹಿಂಸಾತ್ಮಕ ಸಮನ್ವಯ ಸಮಿತಿ ರೂಪುಗೊಳ್ಳಲು ಕಾರಣರಾದ ಅವರಿಗೆ, ಒಬ್ಬನೇ ದೊಡ್ಡ ನಾಯಕನನ್ನು ನೆಚ್ಚಿಕೊಂಡ ಚಳವಳಿಯ ಬಗ್ಗೆ ನಂಬಿಕೆ ಇರಲಿಲ್ಲ.

ನಿಜಾಮರ ಕಾಲ ಮತ್ತು ಭೀಮ ಸೇನೆ

ರಾಯಚೂರು ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಾಲಕ್ಕೆ ದುಡಿಮೆಯನ್ನೇ ಒತ್ತೆಯಿಡುವ ಜೀತವನ್ನು ಸಂಸ್ಥಾನದ ಕಾಗದಪತ್ರಗಳು 'ಭಗೇಲಾ' ಎಂದು ಕರೆದವು. 1936ರಲ್ಲೇ ಭಗೇಲಾ ಕರಾರುಗಳನ್ನು ನಿಯಂತ್ರಿಸುವ ಕಾಯಿದೆ ಬಂತು. ಆದರೆ ಕಾಯಿದೆ ಇರುವುದನ್ನು ಜೀತದಾಳಿಗೆ ಹೇಳುವವರಾರು? ಹಳ್ಳಿಯಲ್ಲಿ ಸರ್ಕಾರವೆಂದರೆ ಗೌಡ, ಕುಲಕರ್ಣಿ. ಹಲವೆಡೆ ಜೀತಕ್ಕಿಟ್ಟುಕೊಂಡವರೂ ಅವರೇ ಅಥವಾ ಅವರ ಬಳಗದವರೇ. ಬರೆದ ಕಾನೂನು ಮತ್ತು ಕೇರಿಯ ನಡುವಿನ ಅಂತರ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಹೈದರಾಬಾದ್ ನಗರದಲ್ಲಿ ಭಾಗ್ಯರೆಡ್ಡಿ ವರ್ಮ (1888–1939) ಆದಿ ಹಿಂದೂ ಚಳವಳಿ ಕಟ್ಟಿ ಶಾಲೆಗಳನ್ನು ತೆರೆದರು. ಅವರ ಬಳಿಕ ಬಂದ ಬಿ. ಶ್ಯಾಮಸುಂದರ್ (1908–1975) ಅವರ ಕೆಲಸ ಕಲ್ಯಾಣ ಕರ್ನಾಟಕಕ್ಕೆ ನೇರವಾಗಿ ತಾಗಿತು. 1968ರಲ್ಲಿ ಅವರು ಕಲಬುರಗಿಯಲ್ಲಿ ಭೀಮ ಸೇನೆ ಸ್ಥಾಪಿಸಿದರು. ಆತ್ಮರಕ್ಷಣೆ, ದಲಿತರಿಗೆ ಪ್ರತ್ಯೇಕ ಊರುಗಳು, ಪ್ರತ್ಯೇಕ ಮತಕ್ಷೇತ್ರ ಅದರ ಬೇಡಿಕೆಗಳಾಗಿದ್ದವು. ಮುಂಬೈಯ ಪ್ಯಾಂಥರ್‌ಗಳಿಗಿಂತ ನಾಲ್ಕು ವರ್ಷ ಮೊದಲೇ, ಓಕ್ಲೆಂಡಿನ ಪ್ಯಾಂಥರ್‌ಗಳಿಗಿಂತ ಎರಡೇ ವರ್ಷ ತಡವಾಗಿ ಈ ಭಾಗದಲ್ಲಿ ಇಂಥದೊಂದು ಸಂಘಟನೆ ಹುಟ್ಟಿದ್ದನ್ನು ಕನ್ನಡದ ಚಳವಳಿ ಚರಿತ್ರೆಗಳು ಅಡಿಟಿಪ್ಪಣಿಗೆ ಇಳಿಸಿವೆ. ಊರೊಳಗಿನ ನ್ಯಾಯದ ಮೇಲೆ ಭರವಸೆ ಕಳೆದುಕೊಂಡವರು ಊರನ್ನೇ ಬೇರೆ ಮಾಡಿಕೊಡಿ ಎಂದು ಕೇಳಿದ್ದು ಆ ಸಂಘಟನೆಯ ವಿಶೇಷ.

ಬೂಸಾದಿಂದ ಶಿಬಿರಕ್ಕೆ

ಹಳೆಯ ಮೈಸೂರಿನಲ್ಲಿ ಕಿಡಿ ಹೊತ್ತಿದ್ದು ಬೇರೆ ಕಾರಣಕ್ಕೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದದ್ದು ಗಲಭೆಗೆ ದಾರಿಯಾಗಿ, ಅವರು ಮಂತ್ರಿಸ್ಥಾನ ಬಿಡಬೇಕಾಯಿತು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಕುದಿಯಲ್ಲೇ ಭದ್ರಾವತಿಯ ಅಧ್ಯಾಪಕ ಬಿ. ಕೃಷ್ಣಪ್ಪ (1938–1997) ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು.

ಸಮಿತಿಯಲ್ಲಿ ಅಧ್ಯಕ್ಷರಿರಲಿಲ್ಲ, ರಾಜ್ಯ, ಜಿಲ್ಲೆ, ತಾಲ್ಲೂಕಿಗೆ ಸಂಚಾಲಕರಿದ್ದರು. ಅಧ್ಯಯನ ಶಿಬಿರ, ಹೋರಾಟದ ಹಾಡು, ಜಾಥಾ ಅದರ ಸಾಧನಗಳು. ಎಲ್ಲಾ ಬೇಕರ್ ಬಯಸಿದ ರೀತಿಗೆ ಇದು ಸಾಕಷ್ಟು ಹತ್ತಿರ. ಸಿದ್ದಲಿಂಗಯ್ಯನವರ ಹಾಡುಗಳು ಅಕ್ಷರ ಬಾರದವರ ಬಾಯಲ್ಲೂ ಉಳಿದವು. ಕಲಬುರಗಿ ಸೀಮೆಯ ಚೆನ್ನಣ್ಣ ವಾಲೀಕಾರರು ಈ ಭಾಗದ ಆಡುಮಾತನ್ನು ಆ ದನಿಗೆ ಸೇರಿಸಿದರು. ಮಿಸಿಸಿಪ್ಪಿಯ ಚರ್ಚುಗಳಲ್ಲಿ ಹಾಡು ಮಾಡಿದ ಕೆಲಸವನ್ನು ಇಲ್ಲಿ ಹಲಗೆ, ತಮಟೆಗಳ ಜೊತೆಗಿನ ಹಾಡು ಮಾಡಿತು. ಒಂದು ದೊಡ್ಡ ವ್ಯತ್ಯಾಸವಿತ್ತು. ಕಪ್ಪು ಜನರಿಗೆ ತಮ್ಮದೇ ಚರ್ಚು, ಅದರ ಕಟ್ಟಡ, ಕಾಣಿಕೆಯ ಹಣ ಇದ್ದವು. ಎಡೆದೊರೆಯ ಕೇರಿಗೆ ಅಂಥ ಸ್ವಂತ ಸಂಸ್ಥೆ ಇರಲಿಲ್ಲ. ಮರದ ನೆರಳು, ಸಮುದಾಯ ಭವನದ ಜಗಲಿ, ಊರ ಶಾಲೆಯ ಮೇಷ್ಟ್ರು ಆ ಜಾಗ ತುಂಬಬೇಕಾಯಿತು.

1970ರ ದಶಕದಲ್ಲಿ ಕಾನೂನುಗಳೇನೋ ಸಾಲುಗಟ್ಟಿ ಬಂದವು: 1974ರ ಭೂಸುಧಾರಣಾ ತಿದ್ದುಪಡಿ, 1976ರ ಜೀತ ನಿರ್ಮೂಲನಾ ಕಾಯಿದೆ, ದಲಿತರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯಿದೆ. 1982ರಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಲಾಯಿತು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಪ್ರತಿಯೊಂದಕ್ಕೂ ಅರ್ಜಿ ಬರೆಯುವವರು, ಸಾಕ್ಷಿ ಹೇಳುವವರು, ತಹಶೀಲ್ದಾರರ ಕಚೇರಿ ಮುಂದೆ ಕೂರುವವರು ಬೇಕಿತ್ತು. ಸಂಘಟನೆ ಎಂದರೆ ಬಹುಮಟ್ಟಿಗೆ ಈ ಕೆಲಸವೇ.

ಹತ್ತಿ ಹೊಲದ ಹೆಂಗಸರು

ಮಿಸಿಸಿಪ್ಪಿಯ 'ಡೆಲ್ಟಾ' ಬಯಲು ಮತ್ತು ರಾಯಚೂರಿನ ಎರೆನೆಲ ಎರಡೂ ಹತ್ತಿಯ ಸೀಮೆಗಳು. ಎರಡರಲ್ಲೂ ಹತ್ತಿ ಬಿಡಿಸಿದವರಿಗೆ ನೆಲವಿರಲಿಲ್ಲ. ಮಿಸಿಸಿಪ್ಪಿಯ ತೋಟವೊಂದರಲ್ಲಿ ದುಡಿಯುತ್ತಿದ್ದ ಕಪ್ಪು ಮಹಿಳೆ ಫ್ಯಾನಿ ಲೂ ಹೇಮರ್ 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾ ಪಟ್ಟಣಕ್ಕೆ ಹೋದ ತಪ್ಪಿಗೆ, ಹದಿನೆಂಟು ವರ್ಷ ದುಡಿದ ತೋಟದಿಂದ ಅದೇ ದಿನ ಹೊರದಬ್ಬಿಸಿಕೊಂಡರು. ಮತದಾನದ ಹಕ್ಕಿನ ಕಾಯಿದೆ 1965ರಲ್ಲಿ ಬಂತು. ಹೊಟ್ಟೆಪಾಡು ಯಜಮಾನನ ಕೈಯಲ್ಲಿರುವತನಕ ಮತಕ್ಕೆ ಬಲವಿಲ್ಲವೆಂದು ಅರಿತ ಹೇಮರ್, 1969ರಲ್ಲಿ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಬೇಸಾಯ ಆರಂಭಿಸಿದರು.

ರಾಯಚೂರಿನಲ್ಲಿ ಮತ ಮೊದಲೇ ಇತ್ತು. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಇಂದು ಮೀಸಲು: ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ, ಮಾನ್ವಿ, ದೇವದುರ್ಗ, ರಾಯಚೂರು ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ. ಆದರೂ ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಹೊಲಗಳಿಗೆ ನೀರು ತಂದಾಗ ಅದರ ಲಾಭ ನೆಲವಿದ್ದವರಿಗೆ, ಕ್ಯಾಂಪು ಕಟ್ಟಿ ನೆಲೆಸಿದ ಆಂಧ್ರದ ರೈತರಿಗೆ ಹೋಯಿತು. ಕೇರಿಗೆ ಸಿಕ್ಕಿದ್ದು ಕೂಲಿ. ನೀರಿಲ್ಲದ ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಅದೂ ಇಲ್ಲದ ದಿನಗಳಲ್ಲಿ ಬೆಂಗಳೂರು, ಪುಣೆಯ ಕಡೆಗೆ ಗುಳೆ. ಅಮೆರಿಕದ ದಕ್ಷಿಣ ಬಿಟ್ಟ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಲ್ಲೇ ನೆಲೆಯೂರಿ ಅಲ್ಲಿ ರಾಜಕೀಯ ಶಕ್ತಿಯಾದರು. ಇಲ್ಲಿ ಗುಳೆ ಹೋದವರು ಮಳೆಗೆ ತಿರುಗಿ ಬರುತ್ತಾರೆ. ಹೋದ ಕಡೆ ಮತವಿಲ್ಲ, ಬಿಟ್ಟ ಊರಲ್ಲಿ ಸಂಘದ ಸಭೆಗೆ ಆಳಿಲ್ಲ.

ಈ ಕಟ್ಟನ್ನು ಸಡಿಲಿಸಲು ಹೊರಟವರು ಹೆಂಗಸರು. ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳದಲ್ಲಿ ನೆಲೆಗೊಂಡ ಜಾಗೃತ ಮಹಿಳಾ ಸಂಘಟನೆ ದಲಿತ ಕೂಲಿ ಮಹಿಳೆಯರದು. ಕೂಲಿ ದರ, ಪಡಿತರ, ಮನೆಯೊಳಗಿನ ಹೊಡೆತ, ಅಸ್ಪೃಶ್ಯತೆ ಇವೆಲ್ಲ ಅಲ್ಲಿ ಒಂದೇ ಮಾತುಕತೆಯ ವಿಷಯಗಳಾದವು. ದುಡಿಮೆಗೆ ಬಿದ್ದು ಶಾಲೆ ಬಿಟ್ಟ ಮಕ್ಕಳಿಗೆ 'ಚಿಲಿಪಿಲಿ' ಶಾಲೆ ತೆರೆಯಿತು. ಬೇವಿನ ಗೊಬ್ಬರ, ಗಿಡಮೂಲಿಕೆ ಔಷಧಿ, ಸುಟ್ಟ ಮಣ್ಣಿನ ಒಡವೆಗಳ ತಯಾರಿಕೆ ಸೇರಿಕೊಂಡವು. ಹೇಮರ್ ಅವರ ಸಹಕಾರಿ ಬೇಸಾಯದ ಹಿಂದಿದ್ದ ತರ್ಕವೇ ಇಲ್ಲಿಯೂ ಇತ್ತು: ಎದುರು ನಿಂತವರಿಗೆ ನಾಳೆಯ ಅನ್ನ ಬೇರೆಲ್ಲಿಂದಲಾದರೂ ಬರಬೇಕು.

2005ರ ಉದ್ಯೋಗ ಖಾತ್ರಿ ಕಾಯಿದೆ ಈ ಸಂಘಟನೆಗೆ ಹೊಸ ಆಯುಧ ಕೊಟ್ಟಿತು. ಗ್ರಾಮೀಣ ಕೂಲಿಕಾರ್ಮಿಕರ ಸಂಘಟನೆಯೂ ಜಿಲ್ಲೆಯಲ್ಲಿ ಅದೇ ಕೆಲಸಕ್ಕಿಳಿಯಿತು. ಅದರಡಿ ನಮೂನೆ 6ರಲ್ಲಿ ಕೆಲಸ ಕೇಳಬೇಕಿತ್ತು, ದಿನಾಂಕ ಹಾಕಿದ ಸ್ವೀಕೃತಿ ಪಡೆಯಬೇಕಿತ್ತು. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ನಿಯಮ ಸರಳವಾಗಿತ್ತು. ಆದರೆ ಸ್ವೀಕೃತಿ ಇಲ್ಲದೆ ಭತ್ಯೆಯ ಹಕ್ಕೇ ಹುಟ್ಟದಾದ್ದರಿಂದ ಜಗಳವೆಲ್ಲ ಆ ಒಂದು ಚೀಟಿಯ ಸುತ್ತ ನಡೆಯಿತು. ಪಂಚಾಯಿತಿ ಕಚೇರಿಗೆ ಒಬ್ಬಳೇ ಹೋದರೆ ಸಿಗದ ರಸೀದಿ ನಲವತ್ತು ಮಂದಿ ಹೋದರೆ ಸಿಗುತ್ತದೆಂಬುದು ಕೂಲಿಕಾರರು ಕಲಿತ ರಾಜಕೀಯ ಪಾಠ. ಕೆಲಸ ಊರಲ್ಲೇ ಸಿಕ್ಕರೆ ಎರಡು ಫಲ: ಗುಳೆ ತಪ್ಪುತ್ತದೆ, ಜಮೀನುದಾರನ ಕೂಲಿಯೊಂದೇ ಗತಿ ಎಂಬ ಸ್ಥಿತಿಯೂ ತಪ್ಪುತ್ತದೆ.

ಸಿದ್ದಿಗಳ ದಾರಿ

ಈ ಹೋಲಿಕೆಗೆ ಕರ್ನಾಟಕದಲ್ಲೇ ಸಿದ್ದಿಗಳೆಂಬ ಆಫ್ರಿಕಾ ಮೂಲದ ಜನರೂ ಇದ್ದಾರೆ. ಹದಿನೇಳನೆಯ ಶತಮಾನದಲ್ಲಿ ನೆರೆಯ ಆದವಾನಿಯನ್ನು ಆಳಿದ ಸಿದ್ದಿ ಮಸೂದ್ ಖಾನ್ ದಖ್ಖನದ ಹಬ್ಶಿ (ಆಫ್ರಿಕಾ ಮೂಲದ) ಸರದಾರರಲ್ಲೊಬ್ಬ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಸಿದ್ದಿಗಳ ಹಿನ್ನೆಲೆ ಬೇರೆ: ಅವರ ಹಿರಿಯರಲ್ಲಿ ಹಲವರು ಪೋರ್ಚುಗೀಸ್ ಗೋವೆಗೆ ಗುಲಾಮರಾಗಿ ಬಂದು ತಪ್ಪಿಸಿಕೊಂಡವರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದ ಇವರು 1980ರ ದಶಕದಿಂದ ಧರ್ಮ ಮೀರಿ ಸಂಘಟಿತರಾದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ, 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರಕಿತು. 2020ರಲ್ಲೇ ಶಾಂತಾರಾಮ ಬುಡ್ನ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕಾನೂನಿನ ಪಟ್ಟಿಯೊಳಗೆ ಬರುವುದೇ ಇವರ ಮೊದಲ ಹೋರಾಟವಾಗಿತ್ತು. ಆ ಮಟ್ಟಿಗೆ ಸಿದ್ದಿಗಳ ದಾರಿ ಅಮೆರಿಕದ ಕಪ್ಪು ಜನರ ದಾರಿಗೆ ಹತ್ತಿರ, ಎಡೆದೊರೆಯ ದಲಿತರ ದಾರಿಗೆ ದೂರ.

ಮರಕುಂಬಿಯ ಸಾಕ್ಷ್ಯ

1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಿಗೆ ಪ್ರವೇಶ ಕೊಡದಿರುವುದನ್ನು ದಲಿತರು ಪ್ರಶ್ನಿಸಿದ್ದು ಅದರ ಹಿಂದಿನ ತಕರಾರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು. 98 ಮಂದಿಗೆ ಜೀವಾವಧಿ. ಬಳಿಕ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ತೀರ್ಪಿನ ಸಂಖ್ಯೆ ದೇಶದ ಗಮನ ಸೆಳೆಯಿತು. ಚರಿತ್ರೆಗೆ ಮುಖ್ಯವಾದದ್ದು ನಡುವಿನ ಹತ್ತು ವರ್ಷ: ಅದೇ ಊರಲ್ಲಿ ಬದುಕುತ್ತ, ಆರೋಪಿಗಳ ಕಡೆಯವರದೇ ಹೊಲಗಳಿಗೆ ಕೂಲಿಗೆ ಹೋಗಬೇಕಾದ ಸೀಮೆಯಲ್ಲಿ, ಸಾಕ್ಷಿಗಳು ತಿರುಗಿಬೀಳದಂತೆ ನೋಡಿಕೊಂಡ ಶ್ರಮ. 1989ರ ಕಾಯಿದೆ ಇಲ್ಲದಿದ್ದರೆ ಈ ತೀರ್ಪಿಲ್ಲ. ಗಟ್ಟಿ ನಿಂತ ಸಾಕ್ಷಿಗಳಿಲ್ಲದಿದ್ದರೆ ಆ ಕಾಯಿದೆಗೆ ಇಲ್ಲಿ ಬೆಲೆಯಿಲ್ಲ.

ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿಯ ಹೋರಾಟ ಇದೇ ಸರಣಿಯ ಮುಂದಿನ ಕೊಂಡಿ. ಮಾದಿಗರ ದಂಡೋರ ಚಳವಳಿ ಆಂಧ್ರದಲ್ಲಿ 1994ರಲ್ಲಿ ಹುಟ್ಟಿ ಗಡಿಯ ರಾಯಚೂರಿಗೂ ಹಬ್ಬಿತು. 2005ರಲ್ಲಿ ನೇಮಕಗೊಂಡ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಒಳವರ್ಗೀಕರಣವನ್ನು ಎತ್ತಿಹಿಡಿಯಿತು. ಕಾನೂನು ಕೇರಿಗೆ ಬಂದರೆ ಸಾಲದು, ಯಾವ ಕೇರಿಗೆ ಬಂತು ಎಂಬ ಲೆಕ್ಕವೂ ಬೇಕೆಂದು ಈ ಚಳವಳಿ ಹೇಳಿತು.

ಉಪಸಂಹಾರ

ಈ ವಾದ ಸರಿಯಿದ್ದರೆ ನಮ್ಮ ಕಾಲವಿಭಜನೆ ಬದಲಾಗಬೇಕು. 1973ರ ಬೂಸಾ ಪ್ರಕರಣದಿಂದ ಶುರುವಾಗುವ ಚರಿತ್ರೆ ಕಲ್ಯಾಣ ಕರ್ನಾಟಕಕ್ಕೆ ಹೊಂದುವುದಿಲ್ಲ. ಇಲ್ಲಿ 1936ರ ಭಗೇಲಾ ಕಾಯಿದೆ ಮತ್ತು 1968ರ ಭೀಮ ಸೇನೆಯಿಂದ ಎಳೆ ಹಿಡಿಯಬೇಕು. ದಲಿತ ಸಂಘರ್ಷ ಸಮಿತಿಯ ಒಡಕುಗಳ ಬಳಿಕ ಚಳವಳಿ ಸೊರಗಿತೆಂಬ ತೀರ್ಮಾನವೂ ಅರ್ಧ ಸತ್ಯ. ಸಮ್ಮೇಳನಗಳು ಸೊರಗಿದ ಹೊತ್ತಿನಲ್ಲೇ ಕೂಲಿ ಹೆಂಗಸರ ಸಂಘಗಳು ಬೆಳೆದವು.

ಆಕರಗಳ ಆಯ್ಕೆಯೂ ಬದಲಾಗಬೇಕು. ಮಿಸಿಸಿಪ್ಪಿಯ ಕಾರ್ಯಕರ್ತರ ಟಿಪ್ಪಣಿ, ಪತ್ರ, ಮೌಖಿಕ ನಿರೂಪಣೆಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಕೂಡಿಟ್ಟಿದ್ದರಿಂದಲೇ ಪೇನ್ ಅವರ ಪುಸ್ತಕ ಸಾಧ್ಯವಾಯಿತು. ಎಡೆದೊರೆಯ ದಾಖಲೆಗಳು ತಹಶೀಲ್ದಾರರಿಗೆ ಕೊಟ್ಟ ಮನವಿಯ ಪ್ರತಿ, ಎಫ್‌ಐಆರ್, ಹಾಜರಿ ಪಟ್ಟಿ, ನಮೂನೆ 6ರ ಸ್ವೀಕೃತಿ, ಸಂಘದ ಹೆಬ್ಬೆಟ್ಟಿನ ಪುಸ್ತಕಗಳ ರೂಪದಲ್ಲಿರುವಂಥವು. ಸಂತೆಕಲ್ಲೂರು, ಪೋತ್ನಾಳ, ಮರಕುಂಬಿಯಂಥ ಊರುಗಳ ಚರಿತ್ರೆ ಬರೆಯುವವರು ಈ ಕಾಗದಗಳನ್ನೂ, ಅವುಗಳಿಗೆ ಹೆಬ್ಬೆಟ್ಟು ಒತ್ತಿದವರ ಮಾತನ್ನೂ ಮೊದಲ ದರ್ಜೆಯ ಆಕರವೆಂದು ಎಣಿಸದಿದ್ದರೆ, ಕರ್ನಾಟಕದ ದಲಿತ ಚಳವಳಿಯ ಚರಿತ್ರೆ ವೇದಿಕೆ ಹತ್ತಿದವರ ಚರಿತ್ರೆಯಾಗಿಯೇ ಉಳಿಯುತ್ತದೆ.