ಗಡಿನಾಡಿನ ಬದುಕು ಮತ್ತು ಕಲಾವಿದ್ಯಾರ್ಥಿಯ ಅಭ್ಯಾಸಕೃತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಚರಿತ್ರೆಯನ್ನು ಬರೆದವರು ಅರಸುಮನೆತನ, ಶಾಸನ, ಬಸದಿ, ಮಠಗಳತ್ತ ಹೆಚ್ಚು ಗಮನಹರಿಸಿದ್ದಾರೆ. ಇಲ್ಲಿನ ದುಡಿಯುವ ಬದುಕು ಚಿತ್ರಕಲೆಯಲ್ಲಿ ಹೇಗೆ ದಾಖಲಾಯಿತು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ. ಕಲಾವಿದ್ಯಾರ್ಥಿಯು ತನ್ನ ಸ್ವಂತ ಬದುಕಿನಿಂದ ವಸ್ತುವನ್ನು ಆರಿಸಿಕೊಂಡು ರಚಿಸುವ ಅಭ್ಯಾಸಕೃತಿಗಳ ನೆಲೆಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1956ರವರೆಗೆ ಈ ಪ್ರದೇಶವು ಮುಂಬಯಿ ಆಡಳಿತದಲ್ಲಿತ್ತು. ರಾಯಬಾಗವು 1949ರ ವಿಲೀನದವರೆಗೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ಕಲಾಶಿಕ್ಷಣದ ಪ್ರಭಾವವೂ ಪಶ್ಚಿಮದಿಂದಲೇ ಬಂದಿತು. 1857ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆ ಹಾಗೂ ಅಬಾಲಾಲ ರಹಿಮಾನ್, ಬಾಬುರಾವ್ ಪೇಂಟರ್ (1890–1954) ಅವರಿಂದ ಹೆಸರಾದ ಕೊಲ್ಹಾಪುರದ ಪರಂಪರೆಗಳು ಇದಕ್ಕೆ ಮೂಲ. ಕನ್ನಡ ನೆಲದಲ್ಲಿ ಡಿ. ವಿ. ಹಾಲಭಾವಿ ಅವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆಯನ್ನು ತೆರೆದರು. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ತಮ್ಮ ಚಿತ್ರಮಂದಿರದ ಮೂಲಕ ಅನೇಕರನ್ನು ತಿದ್ದಿದರು.

ಮುಂಬಯಿ ಪದ್ಧತಿಯ ಎಲಿಮೆಂಟರಿ, ಇಂಟರ್‌ಮೀಡಿಯಟ್ ಚಿತ್ರಕಲಾ ಪರೀಕ್ಷೆಗಳಲ್ಲಿ ಎದುರಿಗಿಟ್ಟ ವಸ್ತುವನ್ನು ಯಥಾವತ್ತಾಗಿ ಬಿಡಿಸುವುದಕ್ಕೆ ಪ್ರಾಶಸ್ತ್ಯವಿತ್ತು. ಆದರೆ ಸ್ಮೃತಿಚಿತ್ರವೆಂಬ ವಿಷಯವೂ ಅದರಲ್ಲಿತ್ತು. ಸಂತೆ, ಜಾತ್ರೆ, ಮನೆಯಂಗಳಗಳನ್ನು ನೆನಪಿನಿಂದ ಚಿತ್ರಿಸಬೇಕಾದಾಗ ವಿದ್ಯಾರ್ಥಿಯ ಸ್ವಂತ ಬದುಕು ಕಾಗದಕ್ಕೆ ಇಳಿಯಲು ಒಂದು ಕಿಂಡಿ ತೆರೆಯಿತು ಎನ್ನಬಹುದು.

ಮುದ್ರಣಕಲೆಯ ಸ್ಥಿತಿ ಬೇರೆಯಾಗಿತ್ತು. 1894ರಲ್ಲಿ ಸ್ಥಾಪನೆಯಾದ ರವಿವರ್ಮ ಮುದ್ರಣಾಲಯದಿಂದ ಜನಸಾಮಾನ್ಯರ ಗೋಡೆಗಳಿಗೆ ದೇವತೆಗಳ ಪಟಗಳು ಬಂದವು. ಅಚ್ಚೆಂದರೆ ಪ್ರತಿ ತೆಗೆಯುವ ಸಾಧನವೆಂಬ ಭಾವನೆ ನೆಲೆಯೂರಿತು. ಅದೊಂದು ಸ್ವತಂತ್ರ ಕಲೆಯೆಂಬ ಅರಿವು ಮೂಡಿದ್ದು ತಡವಾಗಿ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಬೋಧಿಸಿ, ಬಳಿಕ ಪ್ಯಾರಿಸಿನಲ್ಲಿ ವರ್ಣಚಿತ್ರದೊಂದಿಗೆ ಮುದ್ರಣಕಲೆಯನ್ನೂ ಅಭ್ಯಸಿಸಿದರು. ಆದರೂ ಅವರ ರೇಖೆ ಮರಳಿದ್ದು ತಾವು ಕಂಡುಂಡ ಹಳ್ಳಿಯ ಬದುಕು, ಕುಣಿತ, ಕೋಳಿ ಅಂಕಗಳ ಕಡೆಗೇ. ಬಂಗಾಳದ ಸೋಮನಾಥ ಹೋರ್ ಅವರು ವಿದ್ಯಾರ್ಥಿದೆಸೆಯಲ್ಲಿಯೇ, 1946ರ ತೇಭಾಗಾ ರೈತ ಹೋರಾಟವನ್ನು ಕಣ್ಣಾರೆ ಕಂಡು ಚಿತ್ರಿಸಿದರು. ಆ ಚಿತ್ರಗಳಿಂದ ಮರದಚ್ಚುಗಳು ಹುಟ್ಟಿದವು. ಜರ್ಮನಿಯ ಕೇಥೆ ಕೋಲ್ವಿಟ್ಜ್ 1914ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ದುಃಖವನ್ನು ಮರದಚ್ಚುಗಳಲ್ಲಿ ಕೊರೆದರು. ಸ್ವಂತ ಅನುಭವವು ಕಲೆಯಾದಾಗ ಅದು ಸಮಾಜದ ದಾಖಲೆಯೂ ಆಗುತ್ತದೆಂಬುದಕ್ಕೆ ಇವು ನಿದರ್ಶನಗಳು.

ಗಡಿನಾಡಿನಲ್ಲಿ ಇಂಥ ವಸ್ತುವಿಗೆ ಕೊರತೆಯಿಲ್ಲ. ನಿಪ್ಪಾಣಿಯಲ್ಲಿ 1981ರ ತಂಬಾಕು ಬೆಳೆಗಾರರ ಚಳವಳಿಯು ಗೋಲಿಬಾರಿಗೆ ಗುರಿಯಾಗಿ ರೈತರು ಪ್ರಾಣತೆತ್ತರು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ದುಡಿಮೆ ಹಾಗೂ ಸಂಘಟನೆಯನ್ನು ಯುಗಾಂತರ್ ತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಹೊರಗಿನಿಂದ ಬಂದ ಕ್ಯಾಮೆರಾ ಇದನ್ನು ಕಂಡಿತು. ಆ ದೂಳಿನಲ್ಲಿಯೇ ಬೆಳೆದ ಮಗಳು ಇದನ್ನು ಹೇಗೆ ಕಾಣುತ್ತಾಳೆ? ಅಥಣಿಯ ಚಮ್ಮಾರರು ಹೊಲಿದ ಪಾದರಕ್ಷೆ ಕೊಲ್ಹಾಪುರಿ ಎಂಬ ಹೆಸರಿನಲ್ಲಿಯೇ ಪ್ರಸಿದ್ಧ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದೊಂದಿಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಸಿಕ್ಕಿತು; ಆದರೆ ಚರ್ಮ ಹದಮಾಡಿದ ಕೈಗಳ ಚಿತ್ರ ಎಲ್ಲಿದೆ?

ಅಚ್ಚಿನ ಫಲಕದಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆದರೆ ಮಾತ್ರ ಕಾಗದದ ಮೇಲೆ ನೇರವಾಗಿ ಮೂಡುತ್ತದೆ. ಮನೆಯಲ್ಲೊಂದು, ಶಾಲೆಯಲ್ಲೊಂದು ನುಡಿಯೊಡನೆ ಬೆಳೆಯುವ ಗಡಿಯ ಮಕ್ಕಳಿಗೆ ಈ ಕನ್ನಡಿಯ ನಿಯಮ ಹೊಸತೇನಲ್ಲ.

ಕೊನೆಯದಾಗಿ ಒಂದು ಮಾತು. ಪರೀಕ್ಷೆ ಮುಗಿದ ಬಳಿಕ ಅಭ್ಯಾಸಕೃತಿಗಳನ್ನು ಯಾರೂ ಕೇಳುವುದಿಲ್ಲ. ಗೆದ್ದಲು, ತೇವಗಳಿಗೆ ಅವು ಆಹಾರವಾಗುತ್ತವೆ. ಮುದ್ರಣಕೃತಿಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿರುವುದರಿಂದ, ಒಂದು ಪ್ರತಿಯನ್ನಾದರೂ ಆಯಾ ತಾಲೂಕಿನ ಗ್ರಂಥಾಲಯದಲ್ಲಿ ಕಾಯ್ದಿಡುವುದು ಕಷ್ಟವಲ್ಲ. ಶಾಸನಗಳನ್ನು ಸಂಗ್ರಹಿಸಿದ ನಾಡು ಈ ಕಾಗದಗಳನ್ನೂ ಶಾಸನಗಳೆಂದೇ ಭಾವಿಸುವುದು ಉಚಿತ.