ಆದಿಕ್ರೈಸ್ತ ಪತ್ರಿಕೆಗಳಲ್ಲಿ ಸಭಾಜೀವನ ಮತ್ತು ಸ್ತ್ರೀಯರ ಸ್ಥಾನ

ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಪೌಲನು ಗ್ರೀಕ್ ಭಾಷೆಯಲ್ಲಿ ಬರೆದ ಪತ್ರಿಕೆಗಳು ಕ್ರೈಸ್ತಸಮಾಜದ ಇತಿಹಾಸಕ್ಕೆ ದೊರೆಯುವ ಅತ್ಯಂತ ಪ್ರಾಚೀನವಾದ ಲಿಖಿತ ಆಧಾರಗಳಾಗಿವೆ. ಸುವಾರ್ತೆಗಳು ಸಹ ಇವುಗಳಿಗಿಂತ ಈಚಿನವು. ಡೆಲ್ಫಿಯಲ್ಲಿ ದೊರೆತ ಶಾಸನವೊಂದರಲ್ಲಿ ಗಲ್ಲಿಯೋ ಎಂಬ ರೋಮನ್ ಅಧಿಪತಿಯ ಉಲ್ಲೇಖವಿರುವುದರಿಂದ, ಪೌಲನು ಕೊರಿಂಥದಲ್ಲಿ ನೆಲಸಿದ್ದ ಕಾಲವನ್ನು ಕ್ರಿ.ಶ. 50-52ರ ಸುಮಾರೆಂದು ನಿರ್ಧರಿಸಬಹುದಾಗಿದೆ. ಅವನ ಹೆಸರಿನಲ್ಲಿ 13 ಪತ್ರಿಕೆಗಳು ಉಳಿದುಬಂದಿದ್ದರೂ, ನಿರ್ವಿವಾದವಾಗಿ ಅವನವೇ ಎಂದು ವಿದ್ವಾಂಸರು ಅಂಗೀಕರಿಸಿರುವವು 7 ಮಾತ್ರ.

ಇವು ಪತ್ರಗಳೆಂಬುದನ್ನು ನಾವು ಮರೆಯಲಾಗದು. ಒಂದು ಊರಿನ ಸಭೆಯಲ್ಲಿ ಎದ್ದ ಜಗಳಕ್ಕೆ, ಅಲ್ಲಿಂದ ಬಂದ ಪ್ರಶ್ನೆಗೆ, ಆ ಸಮಯಕ್ಕೆಂದು ಬರೆದ ಉತ್ತರಗಳು. ಮುಂದಿನ ಶತಮಾನಗಳು ಇವನ್ನು ಸ್ಮೃತಿಗ್ರಂಥಗಳಂತೆ ಓದಿದುವು. ಸ್ತ್ರೀಯರು ಸಭೆಯಲ್ಲಿ ಮಾತನಾಡಬಾರದು, ಬೋಧಿಸಲೂಬಾರದು ಎಂಬ ಅರ್ಥದ ಎರಡು ಸ್ಥಳಗಳ ಆಧಾರದಿಂದಲೇ ಅವರಿಗೆ ಯಾಜಕತ್ವವನ್ನು ಬಹುಕಾಲ ನಿರಾಕರಿಸಲಾಯಿತು. ಚರ್ಚೆ ಇನ್ನೂ ಮುಗಿದಿಲ್ಲ. ಪ್ರಾಚೀನ ಸಭೆಯಲ್ಲಿ ಸ್ತ್ರೀ ದಿಯಾಕೊನರ ಸ್ಥಾನವೇನಿದ್ದಿತೆಂದು ವಿಚಾರಿಸಲು ಪೋಪ್ ಫ್ರಾನ್ಸಿಸರು 2016ರಲ್ಲಿ ಒಂದು ಸಮಿತಿಯನ್ನು, 2020ರಲ್ಲಿ ಮತ್ತೊಂದನ್ನು ನೇಮಿಸಬೇಕಾಯಿತು.

ನಮ್ಮ ನಾಡಿನ ದಾನಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಸುಪರಿಚಿತವಾದುದು. ರಾಜನ ಪ್ರಶಸ್ತಿಭಾಗಕ್ಕಿಂತ, ಭೂಮಿಯ ಎಲ್ಲೆಗಳನ್ನೂ ಸಾಕ್ಷಿಗಳ ಹೆಸರುಗಳನ್ನೂ ಹೇಳುವ ಭಾಗವೇ ಚರಿತ್ರಕಾರನಿಗೆ ಹೆಚ್ಚು ನೆಚ್ಚಿಗೆಯದು. ಅಲ್ಲಿ ಯಾರನ್ನೂ ಮೆಚ್ಚಿಸುವ, ಒಪ್ಪಿಸುವ ಉದ್ದೇಶವಿರುವುದಿಲ್ಲ. ಪೌಲನ ಪತ್ರಿಕೆಗಳಲ್ಲಿ ಅಂತಹ ಭಾಗವೆಂದರೆ ಕೊನೆಯ ವಂದನೆಗಳು. ಇವುಗಳಲ್ಲಿ ಅತ್ಯಂತ ದೀರ್ಘವಾದುದು ಸುಮಾರು ಕ್ರಿ.ಶ. 57ರಲ್ಲಿ ಬರೆದ ರೋಮಾಪುರದವರ ಪತ್ರಿಕೆಯ 16ನೆಯ ಅಧ್ಯಾಯ. ಉಪದೇಶವನ್ನೇ ಹುಡುಕುವ ಓದುಗರು ಇದನ್ನು ಬರಿಯ ಹೆಸರುಗಳ ಪಟ್ಟಿಯೆಂದು ದಾಟಿಹೋಗುವುದುಂಟು. ಆದರೆ ನಮ್ಮ ಕೆಲಸಕ್ಕೆ ಇದಕ್ಕಿಂತ ಬೆಲೆಯುಳ್ಳ ಪುಟ ಆ ಪತ್ರಿಕೆಯಲ್ಲಿಲ್ಲ.

ಪಟ್ಟಿಯ ಮೊದಲಲ್ಲಿ ಬರುವವಳು ಫೊಯಿಬೆ. ಕೊರಿಂಥದ ಪೂರ್ವದ ಬಂದರಾದ ಕೆಂಖ್ರೆಯವಳು. ಪತ್ರಿಕೆಯನ್ನು ರೋಮಿಗೆ ಕೊಂಡೊಯ್ದವಳು ಅವಳೇ ಆಗಿರಬೇಕೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಪೌಲನು ಅವಳನ್ನು ಕೆಂಖ್ರೆಯ ಸಭೆಯ ‘ದಿಯಾಕೊನೊಸ್’ ಎಂದೂ, ತನಗೂ ಅನೇಕರಿಗೂ ‘ಪ್ರೊಸ್ತಾತಿಸ್’ ಎಂದೂ ಕರೆಯುತ್ತಾನೆ. ಎರಡನೆಯ ಪದಕ್ಕೆ ಪೋಷಕಿ, ಆಶ್ರಯದಾತೆ ಎಂದರ್ಥ. ಮೊದಲನೆಯದನ್ನು ಪೌಲನು ತನಗೂ ತನ್ನ ಸಹಕಾರಿಗಳಾದ ಪುರುಷರಿಗೂ ಬಳಸಿದ್ದಾನೆ. 1611ರ ಇಂಗ್ಲಿಷ್ ಭಾಷಾಂತರವು ಪುರುಷರ ಸಂಬಂಧದಲ್ಲಿ ಇದೇ ಪದವನ್ನು ಬೋಧಕ, ಸಭಾಧಿಕಾರಿ ಎಂಬ ಅರ್ಥ ಬರುವಂತೆ ತಿರುಗಿಸಿ, ಫೊಯಿಬೆಯ ಸಂಬಂಧದಲ್ಲಿ ಮಾತ್ರ ಸೇವಕಿ ಎಂಬ ಅರ್ಥಕ್ಕೆ ಇಳಿಸಿತು. ಆ ಕಾಲಕ್ಕೆ ಈ ಪದವು ನಿಯತವಾದ ಒಂದು ಅಧಿಕಾರದ ಹೆಸರಾಗಿದ್ದಿತೇ ಎಂಬುದು ಬೇರೆಯ ಪ್ರಶ್ನೆ. ಏನೇ ಆಗಿದ್ದರೂ ಅದು ಇಬ್ಬರಿಗೂ ಒಂದೇ ಆಗಿರತಕ್ಕದ್ದು.

ಫೊಯಿಬೆಯನ್ನೂ ಸೇರಿಸಿ ಈ ಅಧ್ಯಾಯದಲ್ಲಿ ಹತ್ತು ಮಂದಿ ಸ್ತ್ರೀಯರ ಪ್ರಸ್ತಾಪವಿದೆ. ಗುಡಾರ ಹೊಲಿಯುವ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕ ದಂಪತಿಗಳಲ್ಲಿ ಹೆಂಡತಿಯ ಹೆಸರೇ ಮೊದಲು. ಹೊಸ ಒಡಂಬಡಿಕೆಯಲ್ಲಿ ಈ ಜೋಡಿಯ ಹೆಸರು ಬರುವ ಆರು ಸ್ಥಳಗಳಲ್ಲಿ ನಾಲ್ಕು ಕಡೆ ಹೀಗೆಯೇ ಇದೆ. ಮರಿಯ, ತ್ರುಫೈನ, ತ್ರುಫೋಸ, ಪೆರ್ಸಿಸ್ ಎಂಬ ನಾಲ್ವರು ಶ್ರಮಪಟ್ಟರೆಂದು ಪೌಲನು ಹೇಳುತ್ತಾನೆ. ಸುವಾರ್ತೆಗಾಗಿ ತಾನು ಪಟ್ಟ ಪಾಡನ್ನು ಹೇಳುವಾಗಲೂ ಅವನು ಬಳಸುವ ಕ್ರಿಯಾಪದ ಅದೇ. ಈ ಪಟ್ಟಿಯಲ್ಲಿ ಅದು ಯಾವ ಪುರುಷನಿಗೂ ಸಂದಿಲ್ಲ.

ಯೂನ್ಯಳ ಕಥೆ ಇನ್ನೂ ವಿಚಿತ್ರವಾದುದು. ಅಂದ್ರೋನಿಕ ಮತ್ತು ಯೂನ್ಯ ಎಂಬಿಬ್ಬರು ಅಪೊಸ್ತಲರಲ್ಲಿ ಪ್ರಸಿದ್ಧರೆಂದು ಪೌಲನು ಬರೆದಿದ್ದಾನೆ. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಬೋಧಿಸಿದ ಯೊಹಾನ್ ಕ್ರಿಸೊಸ್ತೊಮನಿಗೆ ಯೂನ್ಯ ಹೆಂಗಸೆಂಬುದರಲ್ಲಿ ಸಂದೇಹವಿರಲಿಲ್ಲ. ಅಪೊಸ್ತಲಳೆಂಬ ಹೆಸರಿಗೆ ಅರ್ಹಳಾದಳೆಂದು ಅವನು ಅವಳನ್ನು ಕೊಂಡಾಡಿದ್ದಾನೆ. ಸ್ತ್ರೀಯರ ವಿಷಯದಲ್ಲಿ ಅಷ್ಟೇನೂ ಉದಾರಿಯಲ್ಲದ ಅವನಿಂದ ಈ ಮಾತು ಬಂದಿರುವುದು ಗಮನಾರ್ಹ. ಮಧ್ಯಯುಗದ ಈಚೆಗೆ ಕೆಲವರು, ಲೂಥರನೂ ಸೇರಿ, ಇದನ್ನು ಪುರುಷನಾಮವಾಗಿ ಓದಿದರು. 1927ರ ನೆಸ್ಟ್ಲೆ ಆವೃತ್ತಿಯ ಗ್ರೀಕ್ ಪಾಠದಲ್ಲಿ ಸ್ವರಚಿಹ್ನೆಯ ಬದಲಾವಣೆಯಿಂದ ಯೂನ್ಯಳು ಯೂನ್ಯಾಸನಾದಳು! ಪ್ರಾಚೀನ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿಲ್ಲದಿದ್ದುದರಿಂದ ಇದು ಸಂಪಾದಕರ ಊಹೆಯೇ ಹೊರತು ಮತ್ತೇನಲ್ಲ. ಯೂನ್ಯ ಎಂಬ ಸ್ತ್ರೀನಾಮವು ರೋಮಿನ ಶಾಸನಗಳಲ್ಲಿ 250ಕ್ಕೂ ಹೆಚ್ಚು ಬಾರಿ ದೊರೆತಿದೆ. ಯೂನ್ಯಾಸ್ ಎಂಬ ಪುರುಷನಾಮ ಒಮ್ಮೆಯೂ ದೊರೆತಿಲ್ಲ. 1998ರ ಮುದ್ರಣದಲ್ಲಿ ಸ್ತ್ರೀರೂಪವನ್ನು ಮರಳಿ ಸ್ಥಾಪಿಸಲಾಯಿತು. ಅವಳು ಸ್ತ್ರೀಯೆಂದು ಒಪ್ಪಿದ ಮೇಲೆ, ವಾಕ್ಯದ ಅರ್ಥ ‘ಅಪೊಸ್ತಲರಲ್ಲಿ’ ಎಂದಲ್ಲ, ‘ಅಪೊಸ್ತಲರಿಗೆ’ ಪ್ರಸಿದ್ಧರೆಂದು ಕೆಲವರು ವಾದಿಸತೊಡಗಿದರು. ಯೂನ್ಯಾಸನೆಂಬ ಪುರುಷನಿದ್ದಷ್ಟು ಕಾಲ ಈ ವ್ಯಾಕರಣದ ಸಂದೇಹ ಹೆಚ್ಚು ಮಂದಿಯನ್ನು ಬಾಧಿಸಿದಂತೆ ಕಾಣುವುದಿಲ್ಲ.

ಇನ್ನು ಮೌನದ ವಿಧಿ. ಸುಮಾರು ಕ್ರಿ.ಶ. 54ರಲ್ಲಿ ಎಫೆಸದಿಂದ ಬರೆದ ಕೊರಿಂಥದವರ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಸ್ತ್ರೀಯು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಯ ಮೇಲೆ ಮುಸುಕಿರಬೇಕೆಂದು ಪೌಲನು ದೀರ್ಘವಾಗಿ ವಾದಿಸುತ್ತಾನೆ. ಅಲ್ಲಿ ವಿವಾದವಿರುವುದು ಮುಸುಕಿನ ಬಗೆಗೆ. ಅವಳು ಮಾತನಾಡುವಳೆಂಬುದು ಗೃಹೀತವಾಗಿದೆ. 14ನೆಯ ಅಧ್ಯಾಯದ 34-35ನೆಯ ವಚನಗಳಲ್ಲಾದರೋ ಅವಳ ಬಾಯನ್ನೇ ಕಟ್ಟಿದೆ. ಒಬ್ಬನೇ ಒಂದೇ ಪತ್ರಿಕೆಯಲ್ಲಿ ಹೀಗೆ ಬರೆದುದು ಹೇಗೆ? ಈ ಎರಡು ವಚನಗಳು ಅಂಚಿನ ಟಿಪ್ಪಣಿಯಾಗಿದ್ದು ಆಮೇಲೆ ಮೂಲದೊಳಗೆ ಸೇರಿದ ಪ್ರಕ್ಷಿಪ್ತಭಾಗವೆಂಬ ಪಕ್ಷವೊಂದುಂಟು. ಆರನೆಯ ಶತಮಾನದ ಕ್ಲಾರೊಮೊಂತಾನುಸ್ ಮೊದಲಾದ ಪಾಶ್ಚಾತ್ಯ ಶಾಖೆಯ ಪ್ರತಿಗಳಲ್ಲಿ ಇವು 40ನೆಯ ವಚನದ ಬಳಿಕ ಬರುವುದು ಈ ಪಕ್ಷಕ್ಕೆ ಬಲ. ಆದರೆ ಇವನ್ನು ಪೂರ್ತಿಯಾಗಿ ಬಿಟ್ಟಿರುವ ಪ್ರತಿ ಒಂದೂ ಇಲ್ಲ. ಆದಕಾರಣ ಪ್ರಕ್ಷೇಪವೆಂದು ಖಂಡಿತವಾಗಿ ಹೇಳಲು ನಾವು ಸಿದ್ಧರಿಲ್ಲ. ಅದೇ ಅಧ್ಯಾಯದಲ್ಲಿ, ಅರ್ಥ ಹೇಳುವವರಿಲ್ಲದೆ ಅನ್ಯಭಾಷೆಯಾಡುವವನಿಗೂ, ಮತ್ತೊಬ್ಬನಿಗೆ ಪ್ರೇರಣೆಯಾದಾಗ ಮಾತನಾಡುತ್ತಿರುವ ಪ್ರವಾದಿಗೂ ಅದೇ ಕ್ರಿಯಾಪದದಿಂದಲೇ ಮೌನವನ್ನು ವಿಧಿಸಿರುವುದನ್ನು ಮಾತ್ರ ತೋರಿಸಬಯಸುತ್ತೇವೆ. ಆ ಎರಡು ಮೌನಗಳನ್ನು ಯಾರೂ ಶಾಶ್ವತವೆಂದು ತಿಳಿದಿಲ್ಲ.

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ನಿಷೇಧ ಇದಕ್ಕಿಂತ ಕಠಿಣ. ಆ ಪತ್ರಿಕೆ ಪೌಲನದಲ್ಲವೆಂದು ಶ್ಲೈಯರ್‌ಮಾಖರನು 1807ರಲ್ಲಿಯೇ ವಾದಿಸಿದನು. ಇಂದು ಬಹುಸಂಖ್ಯಾತ ವಿದ್ವಾಂಸರ ಮತವೂ ಅದೇ. ನಿಷೇಧದಿಂದ ಸಿದ್ಧವಾಗುವುದು ನಿಷೇಧಿಸುವವನ ಇಚ್ಛೆ. ಜೊತೆಗೆ, ನಿಷೇಧಿಸಬೇಕಾದಷ್ಟು ಮಟ್ಟಿಗೆ ಆ ನಡವಳಿಕೆ ರೂಢಿಯಲ್ಲಿದ್ದಿತೆಂಬುದು. ಸುಮಾರು ಕ್ರಿ.ಶ. 200ರಲ್ಲಿ ತೆರ್ತುಲ್ಲಿಯನನು ಸಹ, ತೆಕ್ಲಳ ನಿದರ್ಶನವನ್ನು ಮುಂದಿಟ್ಟು ಬೋಧಿಸುವ, ದೀಕ್ಷಾಸ್ನಾನ ಕೊಡುವ ಹಕ್ಕನ್ನು ಕೇಳುವ ಹೆಂಗಸರನ್ನು ಖಂಡಿಸಬೇಕಾಯಿತು.

ಈ ಬದಲಾವಣೆಗೆ ಕಾರಣವನ್ನು ನಾವು ಸಭೆ ಕೂಡುತ್ತಿದ್ದ ಸ್ಥಳದಲ್ಲಿ ಹುಡುಕಬೇಕು. ಪೌಲನ ಕಾಲದಲ್ಲಿ ಸಭೆಯೆಂದರೆ ಯಾರದಾದರೊಬ್ಬರ ಮನೆ. ಮನೆಯಲ್ಲಿ ಯಜಮಾನಿಯ ಮಾತು ನಡೆಯುತ್ತಿದ್ದಿತು. ಕೊಲೊಸ್ಸೆಯವರ ಪತ್ರಿಕೆಯಲ್ಲಿ ನುಂಫ ಎಂಬವಳ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳಿದೆ. ಇಲ್ಲಿಯೂ ಪಾಠಾಂತರವುಂಟು: ವ್ಯಾಟಿಕನ್ ಪ್ರತಿಯಲ್ಲಿ ‘ಅವಳ ಮನೆ’, ಬೇರೆ ಕೆಲವು ಪ್ರತಿಗಳಲ್ಲಿ ‘ಅವನ ಮನೆ’. ಸಭೆಯು ಮನೆಯಿಂದ ಹೊರಟು ಬಿಷಪ್ಪನ ಕೈಕೆಳಗಿನ ಸಂಸ್ಥೆಯಾದಂತೆ ಯಜಮಾನಿಯ ಅಧಿಕಾರವು ಹಿಂದುಳಿಯಿತು.

ಆದರೂ ಒಮ್ಮೆಗೇ ಅಳಿಯಲಿಲ್ಲವೆಂಬುದಕ್ಕೆ ಕ್ರೈಸ್ತನಲ್ಲದ ಸಾಕ್ಷಿಯೊಬ್ಬನಿದ್ದಾನೆ. ಬಿಥುನಿಯದ ಅಧಿಪತಿಯಾಗಿದ್ದ ಪ್ಲಿನಿಯು ಸುಮಾರು ಕ್ರಿ.ಶ. 112ರಲ್ಲಿ ಚಕ್ರವರ್ತಿ ತ್ರಾಜನನಿಗೆ ಬರೆದ ಪತ್ರದಲ್ಲಿ, ನಿಜ ತಿಳಿಯುವುದಕ್ಕಾಗಿ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದುದಾಗಿ ತಿಳಿಸಿದ್ದಾನೆ. ಕ್ರೈಸ್ತರು ಅವರನ್ನು ಕರೆಯುತ್ತಿದ್ದುದು ‘ಮಿನಿಸ್ತ್ರೆ’ ಎಂದು. ದಿಯಾಕೊನೊಸ್ ಎಂಬುದಕ್ಕೆ ಸರಿಯಾದ ಲ್ಯಾಟಿನ್ ಪದವದು. ಕ್ರಿ.ಶ. 451ರ ಖಾಲ್ಕೆದೋನ್ ಮಹಾಸಭೆಯು 40 ವರ್ಷ ತುಂಬದವಳನ್ನು ಸ್ತ್ರೀ ದಿಯಾಕೊನಳಾಗಿ ನೇಮಿಸಬಾರದೆಂದು ಕಟ್ಟುಮಾಡಿತು. ಅಷ್ಟು ಹೊತ್ತಿಗೆ ಆ ಪದವಿಯ ಸ್ವರೂಪ ಬೇರೆಯಾಗಿದ್ದಿತು. ಅದರ ವಿಚಾರ ಪ್ರತ್ಯೇಕ ಲೇಖನಕ್ಕೆ ತಕ್ಕ ವಸ್ತು.