ಎಣ್ಣೆ ಡ್ರಗ್ ಹೌದೋ ಅಲ್ವೋ? ಅಬಕಾರಿ ಲೆಕ್ಕ ತೆಗೆದು ನೋಡಿದೆ

ಇವತ್ತಿನ ಕಥೆ ನಮ್ಮ ಮನೆಯಿಂದಲೇ ಶುರು. ಎರಡು ವರ್ಷದ ಹಿಂದೆ ನಮ್ಮ ನೆಂಟರ ಹುಡುಗನೊಬ್ಬ ಗಾಂಜಾ ಕೇಸಲ್ಲಿ ಸಿಕ್ಕಿಬಿದ್ದ. ಅಮ್ಮ ಫೋನಲ್ಲಿ ಅತ್ತೇಬಿಟ್ಟರು: "ಡ್ರಗ್ಸ್ ಅಂತೆ ಕಣೋ, ಮಾನ ಹೋಯ್ತು." ಅದೇ ವಾರ ನಮ್ಮ ಮಾವ ಆಸ್ಪತ್ರೆಯಲ್ಲಿದ್ದರು. ಇಪ್ಪತ್ತು ವರ್ಷದ ಕುಡಿತ, ಲಿವರ್ ಹೋಗಿತ್ತು. ಅವರ ಬಗ್ಗೆ ಅಮ್ಮ ಹೇಳಿದ್ದು ಇಷ್ಟೇ: "ಒಳ್ಳೇ ಮನುಷ್ಯ, ಸ್ವಲ್ಪ ತಗೋತಿದ್ರು." ಮಾವ ಆ ವರ್ಷವೇ ತೀರಿಕೊಂಡರು.

ಒಂದಕ್ಕೆ ಅಳು, ಇನ್ನೊಂದಕ್ಕೆ 'ಸ್ವಲ್ಪ'. ಈ ಗೆರೆ ಎಳೆದವರು ಯಾರು? ನಾನು ಓದಿದ್ದು ಬಿಕಾಂ, ಹಾಗಾಗಿ ಮೊದಲು ಹುಡುಕಿದ್ದು ತೆರಿಗೆಯ ಲೆಕ್ಕದಲ್ಲಿ.

ಭಾಷೆ ನೋಡಿದರೆ ಗೆರೆಯೇ ಇಲ್ಲ. ಮದ್ಯ, ಮಾದಕ ಎರಡೂ ಒಂದೇ ಧಾತುವಿನಿಂದ ಬಂದ ಪದಗಳು. ಬ್ರಿಟಿಷರ ಸರ್ಕಾರಕ್ಕೂ ಅಷ್ಟಾಗಿ ಗೆರೆ ಇರಲಿಲ್ಲ. ಧಾರವಾಡ, ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದವಲ್ಲ, ಅಲ್ಲಿ 1878ರ ಅಬಕಾರಿ ಕಾಯ್ದೆ ಹೆಂಡ, ಸಾರಾಯಿ, ಗಾಂಜಾ, ಭಂಗಿ ಎಲ್ಲವನ್ನೂ ಒಟ್ಟಿಗೇ ನೋಡುತ್ತಿತ್ತು. ಒಂದೇ ಇಲಾಖೆ, ಒಂದೇ ಲೈಸೆನ್ಸ್ ಪದ್ಧತಿ. ದುಡ್ಡು ಬಂದರೆ ಸಾಕು, ಅಮಲು ಯಾವುದಾದರೇನು!

1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ಬಗ್ಗೆ ಒಂದು ದೊಡ್ಡ ಆಯೋಗವನ್ನೇ ಕೂರಿಸಿತು. ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು 1894ರಲ್ಲಿ ವರದಿ ಕೊಟ್ಟರು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ನಿಷೇಧ ಬೇಡ, ತೆರಿಗೆ ಹಾಕಿ, ಲೈಸೆನ್ಸ್ ಕೊಡಿ. ನಿಷೇಧಿಸಿದರೆ ಜನ ಇನ್ನೂ ಅಪಾಯದ ಅಮಲಿಗೆ ತಿರುಗಬಹುದು ಅನ್ನೋ ಹೆದರಿಕೆಯೂ ಅದರಲ್ಲಿತ್ತು. ಗಾಂಜಾ ನಿರಪಾಯ ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ.

ಸಂವಿಧಾನದ 47ನೇ ವಿಧಿ ಅಮಲು ಪಾನೀಯ ಬೇರೆ, ಆರೋಗ್ಯಕ್ಕೆ ಹಾನಿ ಮಾಡುವ ಡ್ರಗ್ಸ್ ಬೇರೆ ಅಂತ ಎರಡು ಹೆಸರು ಹೇಳುತ್ತೆ. ಆದರೆ ಎರಡರ ಬಳಕೆಯನ್ನೂ ನಿಷೇಧಿಸಲು ಸರ್ಕಾರ ಯತ್ನಿಸಬೇಕು ಅನ್ನುತ್ತೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಎದ್ದು ನಿಂತು, ಅಕ್ಕಿಯ ಹೆಂಡ ತಮ್ಮ ಜನರ ಪೂಜೆ-ಹಬ್ಬಗಳ ಭಾಗ ಅಂತ ವಿರೋಧಿಸಿದರು. ತೆರಿಗೆ ಹಾಕುವ ಅಧಿಕಾರದ ಪಟ್ಟಿಗೆ ಬನ್ನಿ. ರಾಜ್ಯ ಪಟ್ಟಿಯ 51ನೇ ನಮೂದಿನಲ್ಲಿ ಕುಡಿಯುವ ಮದ್ಯ (ಎ), ಅಫೀಮು-ಗಾಂಜಾ (ಬಿ). ಪಕ್ಕ ಪಕ್ಕದಲ್ಲೇ, ಒಂದೇ ಬೆಂಚಿನಲ್ಲಿ ಕೂತ ಅಣ್ಣತಮ್ಮಂದಿರ ಥರ.

ಹಾಗಾದರೆ ಬೇರೆಯಾಗಿದ್ದು ಯಾವಾಗ? 1961ರ ವಿಶ್ವಸಂಸ್ಥೆ ಒಪ್ಪಂದದಲ್ಲಿ ಅಫೀಮು, ಕೋಕಾ, ಗಾಂಜಾ ಸೇರಿದವು, ಮದ್ಯ ಸೇರಲಿಲ್ಲ. ಆ ಮೇಜಿನ ಸುತ್ತ ಕೂತಿದ್ದ ಬಲಿಷ್ಠ ದೇಶಗಳಿಗೆ ವೈನ್, ವಿಸ್ಕಿ ದೊಡ್ಡ ಉದ್ಯಮ. ಯಾರು ತಾನೇ ತಮ್ಮ ಗ್ಲಾಸಿಗೆ ತಾವೇ ಕೇಸು ಹಾಕ್ಕೋತಾರೆ? ಆ ಒಪ್ಪಂದದ ದಾರಿಯಲ್ಲೇ 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಗಾಂಜಾ ಪೊಲೀಸ್ ಸ್ಟೇಷನ್ನಿಗೆ ಹೋಯ್ತು, ಎಣ್ಣೆ ಬಜೆಟ್ಟಿನಲ್ಲೇ ಉಳೀತು. ಮೂರೇ ವರ್ಷಕ್ಕೆ, 1988ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಹಾಕಿತು. ನಮ್ಮಲ್ಲಿ ಗೆರೆ ಕದಲಲಿಲ್ಲ.

ಕದಲೋದು ಸುಲಭವೂ ಅಲ್ಲ ಬಿಡಿ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯ ಅದರ ಹೊರಗೇ ಉಳೀತು, ಅದು ರಾಜ್ಯಗಳ ಸ್ವಂತ ಜೇಬು. ಕರ್ನಾಟಕದ 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತಲ್ಲ, ಪ್ಯಾಕೆಟ್ಟು ಹೋಯ್ತು, ಕುಡಿತ ಹೋಗಲಿಲ್ಲ. ಜನ ಅಗ್ಗದ ವಿಸ್ಕಿಗೆ ಹೋದರು. ಹಾಗಾಗಿ ಎಣ್ಣೆಯನ್ನು ಡ್ರಗ್ ಅಂತ ಕರೆಯೋಣ ಅಂದ ತಕ್ಷಣ ನಿಷೇಧ ಮಾಡೋಣ ಅಂತಲ್ಲ. ನನ್ನ ಮಟ್ಟಿಗೆ ಅದು ಡ್ರಗ್ಗೇ. ಹೆಸರು ಸರಿಯಾಗಿದ್ದಿದ್ದರೆ ಮಾವನನ್ನು ಹತ್ತು ವರ್ಷ ಮೊದಲೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ವೇನೋ.

ಒಂದು ಸಲ ಅವರೇ ಹಟ ಹಿಡಿದು ಏಕಾಏಕಿ ಬಿಟ್ಟಿದ್ದರು. ಮೂರನೇ ದಿನ ಕೈಕಾಲು ನಡುಕ, ಇಲ್ಲದವರ ಜೊತೆ ಮಾತು. ಮನೆಯವರು ಗಾಳಿ ಸೋಕಿದೆ ಅಂದುಕೊಂಡರು. ವರ್ಷಗಟ್ಟಲೆ ಕುಡಿದವರು ಹಾಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಅಂತ ಆಮೇಲೆ ಡಾಕ್ಟರು ಹೇಳಿದರು. ಮಾವ ಮಲಗಿದ್ದ ವ್ಯಸನಮುಕ್ತಿ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹುಡುಗ ಗಾಂಜಾ ಬಿಡಲು ಬಂದಿದ್ದವನು. ಇಬ್ಬರಿಗೂ ಒಬ್ಬರೇ ಡಾಕ್ಟರು. "ಅವನು ಡ್ರಗ್ಸ್ ಹುಡುಗ, ಹುಷಾರು" ಅಂತ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದರು.

ಮುಂದಿನ ವಾರ ಸಿಗೋಣ.